ಕೆಟ್ಟದ್ದು ನಮ್ಮದೋ, ಅವರದೋ?

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯ ಒಂದು ಆನ್‌ಲೈನ್ ಸೆಂಟರ್. ಉತಾರ (ಪಹಣಿ) ತೆಗೆಸಲು ಬಂದ ಮುದುಕರೊಬ್ಬರು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವರ ಹಿಂದೆ ನನ್ನ ಪಾಳಿ. ಪರದೆಯ ನಡುವೆ ಸಣ್ಣ ಚಕ್ರವೊಂದು ತಿರುಗುತ್ತಲೇ ಇತ್ತು. ಐದು ನಿಮಿಷ ನೋಡಿದ ಹುಡುಗ ಮೌಸ್ ಬಿಟ್ಟು, "ಸರ್ವರ್ ಡೌನ್ ಐತ್ರಿ ಅಜ್ಜಾರ, ನಾಳಿ ಬರ್ರಿ" ಎಂದ. ಅಜ್ಜ ಏಳಲಿಲ್ಲ. "ಕೆಟ್ಟಿದ್ದು ನಿಂದೋ ಅವರ್ದೋ? ಹೆಂಗ ಗೊತ್ತಾತಪಾ ನಿನಗ?" ಎಂದು ಕೇಳಿದರು. ಹುಡುಗ ಚಕ್ರದ ಕಡೆ ಬೆರಳು ತೋರಿಸಿದ. ಅದು ಉತ್ತರವಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ವಸ್ತುವೊಂದು ಒಂದು ಕಾಲಕ್ಕೆ ಅನೇಕ ಕಂಪ್ಯೂಟರುಗಳಲ್ಲಿ ಇತ್ತು. ಪರದೆಯ ಬಲತುದಿಯ 'ಟ್ರೇ'ಯಲ್ಲಿ, ಗಡಿಯಾರದ ಪಕ್ಕ, ಉಗುರಿನಷ್ಟು ಜಾಗದಲ್ಲಿ ಮಿಣುಕುತ್ತಿದ್ದ ಎರಡು ಪುಟ್ಟ ಮಾನಿಟರುಗಳು. ಹೋಗುವ ದತ್ತಾಂಶಕ್ಕೆ ಒಂದು ಹೊಳೆಯುತ್ತಿತ್ತು, ಬರುವ ದತ್ತಾಂಶಕ್ಕೆ ಇನ್ನೊಂದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕೆಲಸ ಮಾಡಿದವರಿಗೆ ಅದು ಕಣ್ಣಲ್ಲಿ ಕೂತ ಚಿತ್ರ. 2007ರ ವಿಸ್ತಾದಲ್ಲಿ ಅದರ ಮಿಣುಕು ಆರಿಸಿದ ಸ್ಥಿತಿಯಲ್ಲೇ ಬಂತು. ಬೇಕಾದವರು ಐಕಾನಿನ ಮೇಲೆ ಬಲಕ್ಲಿಕ್ ಮಾಡಿ ಹಚ್ಚಿಕೊಳ್ಳಬೇಕಿತ್ತು. 2009ರ ವಿಂಡೋಸ್ 7ರಲ್ಲಿ ಆ ಆಯ್ಕೆಯೂ ಹೋಯಿತು. ಲಿನಕ್ಸ್ ಕಡೆಯಲ್ಲೂ ಕತೆ ಬೇರೆಯಲ್ಲ. ಗ್ನೋಮ್ 2ರ ಪ್ಯಾನೆಲ್ಲಿನಲ್ಲಿ ಕೂರುತ್ತಿದ್ದ ನೆಟ್‌ವರ್ಕ್ ಮಾನಿಟರ್, 2011ರಲ್ಲಿ ಗ್ನೋಮ್ 3 ಬಂದಾಗ ಹಳೆಯ ಪ್ಯಾನೆಲ್ಲಿನ ಜೊತೆಗೇ ಮರೆಯಾಯಿತು.

ಇದರ ಬಗ್ಗೆ ಎಲ್ಲರೂ ಒಪ್ಪಿಕೊಂಡು ಕೂತಿರುವ ಅಭಿಪ್ರಾಯ ಹೀಗಿದೆ: ಆ ಮಿಣುಕು ಡಯಲ್-ಅಪ್ ಕಾಲದ ಪಳೆಯುಳಿಕೆ. ಸಂಪರ್ಕ ನಿಮಿಷಕ್ಕೊಮ್ಮೆ ಕಡಿಯುತ್ತಿದ್ದ ದಿನಗಳಲ್ಲಿ ಅದರ ಅಗತ್ಯವಿತ್ತು. ಈಗ ನೆಟ್ ಸದಾ ಇರುತ್ತದೆ. ಕಣ್ಣ ಅಂಚಿನಲ್ಲಿ ಮಿಟುಕುವ ಯಾವುದೇ ವಸ್ತು ಗಮನ ಕೆಡಿಸುತ್ತದೆ. ಒಳ್ಳೆಯ ವಿನ್ಯಾಸ ಯಂತ್ರವನ್ನು ಮರೆಸಬೇಕು. ಸಾಮಾನ್ಯ ಬಳಕೆದಾರನಿಗೆ ನೆಟ್ ಇದೆಯೋ ಇಲ್ಲವೋ ಎಂಬುದಷ್ಟೇ ಸಾಕು. ಸುಸಂಬದ್ಧವಾದ ವಾದವಿದು, ಇದನ್ನು ಹೇಳುವವರಲ್ಲಿ ನಾನು ಗೌರವಿಸುವ ವಿನ್ಯಾಸಕಾರರೂ ಇದ್ದಾರೆ. ಆದರೂ ಇದು ತಪ್ಪು ಎಂಬುದು ನನ್ನ ವಾದ. ತಪ್ಪು ಮೂರು ಕಡೆ ಇದೆ: ಪರಂಪರೆಯನ್ನು ಓದಿದ ರೀತಿಯಲ್ಲಿ, ಉಳಿಸಿಕೊಂಡ ಐಕಾನಿನ ಅರ್ಥದಲ್ಲಿ, 'ಸಾಮಾನ್ಯ ಬಳಕೆದಾರ' ಎಂಬ ಕಲ್ಪನೆಯಲ್ಲಿ.

ಮೊದಲು ಪರಂಪರೆ. ಯಂತ್ರ ಮರೆಯಾಗಬೇಕು ಎನ್ನುವವರೆಲ್ಲ ಕೊನೆಗೆ ಹೆಸರಿಸುವುದು ಮಾರ್ಕ್ ವೈಸರ್ ಅವರನ್ನು. ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ವೈಸರ್ 1991ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಗೆ ಬರೆದ ಲೇಖನದಲ್ಲಿ, ಆಳವಾಗಿ ಬೇರೂರಿದ ತಂತ್ರಜ್ಞಾನ ಬದುಕಿನಲ್ಲಿ ಕರಗಿ ಕಾಣದಂತಾಗುತ್ತದೆ ಎಂದು ವಾದಿಸಿದರು. ಮಿನಿಮಲಿಸಂನ ಭಕ್ತರು ಅಲ್ಲಿಗೇ ಪುಸ್ತಕ ಮುಚ್ಚಿದರು. ಅದೇ ವೈಸರ್ 1995ರಲ್ಲಿ ಜಾನ್ ಸೀಲಿ ಬ್ರೌನ್ ಜೊತೆ 'ಶಾಂತ ತಂತ್ರಜ್ಞಾನ'ದ ಬಗ್ಗೆ ಬರೆದರಲ್ಲ, ಅದರಲ್ಲಿ ಅವರು ಮೆಚ್ಚಿ ಎತ್ತಿಕೊಂಡ ಉದಾಹರಣೆ ಯಾವುದು? ಕಲಾವಿದೆ ನಟಾಲಿ ಜೆರೆಮಿಜೆಂಕೊ ಪಾರ್ಕ್‌ನ ಮೂಲೆಯೊಂದರಲ್ಲಿ ತೂಗುಹಾಕಿದ ಎಂಟು ಅಡಿ ಉದ್ದದ ಪ್ಲಾಸ್ಟಿಕ್ ಎಳೆ. ಛಾವಣಿಯ ಸಣ್ಣ ಮೋಟಾರಿಗೆ ಅದನ್ನು ಕಟ್ಟಿ, ಮೋಟಾರನ್ನು ಈಥರ್‌ನೆಟ್ ತಂತಿಗೆ ಜೋಡಿಸಿದ್ದರು. ತಂತಿಯಲ್ಲಿ ದತ್ತಾಂಶ ಹರಿದಾಗ ಎಳೆ ಅದುರುತ್ತಿತ್ತು. ಸಂಚಾರ ಹೆಚ್ಚಾದರೆ ಗಿರಗಿರನೆ ತಿರುಗಿ ಸದ್ದು ಮಾಡುತ್ತಿತ್ತು. ಅಕ್ಕಪಕ್ಕದ ಕೋಣೆಯವರು ತಲೆ ಎತ್ತದೆಯೇ ನೆಟ್‌ವರ್ಕಿನ ಹದ ತಿಳಿಯುತ್ತಿದ್ದರು.

ಅಂದರೆ ಶಾಂತ ತಂತ್ರಜ್ಞಾನದ ಆದಿಮಾದರಿಗಳಲ್ಲೊಂದು ಸಾಕ್ಷಾತ್ ನೆಟ್‌ವರ್ಕ್ ಇಂಡಿಕೇಟರ್! ವೈಸರ್ ಹೇಳಿದ ಶಾಂತಿ ಕಣ್ಣಂಚಿನ ಶಾಂತಿ. ವಸ್ತು ಅಂಚಿನಲ್ಲಿರಬೇಕು, ಬೇಕೆಂದಾಗ ಗಮನದ ನಡುವಿಗೆ ಬರಬೇಕು, ಕೆಲಸ ಮುಗಿದ ಮೇಲೆ ಮತ್ತೆ ಅಂಚಿಗೆ ಸರಿಯಬೇಕು. ಟ್ರೇಯಲ್ಲಿದ್ದ ಆ ಎರಡು ಪುಟ್ಟ ಮಾನಿಟರುಗಳು ಮಾಡುತ್ತಿದ್ದುದು ಅದನ್ನೇ. ಅಂಚಿನಲ್ಲಿದ್ದುದನ್ನು ಕಿತ್ತೆಸೆದು ಅದನ್ನು ಶಾಂತಿ ಎಂದು ಕರೆದವರು ವೈಸರ್ ಅವರ ಅರ್ಧ ಮಾತನ್ನಷ್ಟೇ ಕೇಳಿಸಿಕೊಂಡಿದ್ದಾರೆ. ನಮ್ಮ ಪರದೆಗಳ ಗದ್ದಲವೇನು ಕಡಿಮೆಯಾಯಿತೇ? ಮಿಣುಕು ಹೋದ ಅದೇ ಪರದೆಯಲ್ಲಿ ಇಂದು ಹವಾಮಾನ, ಸುದ್ದಿ, ಜಾಹೀರಾತಿನಂಥ ಸೂಚನೆಗಳು ಪುಟಿಯುತ್ತವೆ. ಗಮನ ಕೆಡಿಸಬಾರದೆಂಬ ನೀತಿ ಎರಡು ಸಣ್ಣ ದೀಪಗಳಿಗೆ ಮಾತ್ರ ಅನ್ವಯಿಸಿತು.

ಇನ್ನು ಉಳಿಸಿಕೊಂಡ ಐಕಾನು. ಬೀಸಣಿಗೆಯಂತಿರುವ ವೈಫೈ ಗುರುತು ಏನು ಹೇಳುತ್ತದೆ? ಕಂಪ್ಯೂಟರಿನಿಂದ ಗೋಡೆಯ ಮೇಲಿನ ರೂಟರಿನವರೆಗೆ ಸಿಗ್ನಲ್ ಎಷ್ಟು ಗಟ್ಟಿಯಿದೆ ಎಂಬುದನ್ನು. ಹತ್ತು ಅಡಿಯ ಸುದ್ದಿ. 'ಇಂಟರ್ನೆಟ್ ಇದೆ' ಎಂಬ ಮಾತಿನ ಹಿಂದೆ ಇರುವುದೂ ಅಷ್ಟೇ ಸಣ್ಣ ಪರೀಕ್ಷೆ: ವಿಂಡೋಸ್ ತಾನಾಗಿಯೇ ಮೈಕ್ರೋಸಾಫ್ಟ್‌ನ ಒಂದು ವಿಳಾಸಕ್ಕೆ ಹೋಗಿ ಪುಟ್ಟ ಪಠ್ಯ ಕಡತವೊಂದನ್ನು ತರುತ್ತದೆ, ಸಿಕ್ಕರೆ ನೆಟ್ ಇದೆ, ಸಿಗದಿದ್ದರೆ ಇಲ್ಲ. ಅಜ್ಜನ ಉತಾರ ಇರುವುದು ಆ ವಿಳಾಸದಲ್ಲಲ್ಲ. ಸ್ಪೀಡ್ ಟೆಸ್ಟಿನ ಕತೆಯೂ ಹಾಗೇ. ಅದು ಸಾಮಾನ್ಯವಾಗಿ ತನಗೆ ಹತ್ತಿರದ, ಚುರುಕಾದ ಸರ್ವರನ್ನು ಆರಿಸಿಕೊಂಡು ಓಡಿ ಬಂದು ದೊಡ್ಡ ಅಂಕಿ ತೋರಿಸುತ್ತದೆ. ನಾವು ಹೋಗಬೇಕಾದ ದಾರಿಯಲ್ಲಿ ಅದು ಹೆಜ್ಜೆಯನ್ನೇ ಇಟ್ಟಿರುವುದಿಲ್ಲ.

ಸಂಪರ್ಕ ಬೇರೆ, ಸಂಚಾರ ಬೇರೆ. ವಿಮರ್ಶೆಯ ಭಾಷೆಯಲ್ಲಿ ಹೇಳುವುದಾದರೆ ವೈಫೈ ಗುರುತು ಸಾಧ್ಯತೆಯ ಚಿಹ್ನೆ, ಮಿಣುಕು ಘಟನೆಯ ಚಿಹ್ನೆ. ಹುಕ್ಕೇರಿಗೆ ರಸ್ತೆ ಇದೆ ಎನ್ನುವುದಕ್ಕೂ ಬಸ್ಸು ಈಗ ಬಂತು ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ನಮಗೆ ಉಳಿದಿರುವುದು ರಸ್ತೆಯ ಚಿತ್ರ ಮಾತ್ರ. ತಿರುಗುವ ಚಕ್ರವಂತೂ ಇನ್ನೂ ಮೋಸದ್ದು. ತಂತಿಯಲ್ಲಿ ಏನಾಗುತ್ತಿದೆ ಎಂಬುದರ ಅರಿವೇ ಅದಕ್ಕಿಲ್ಲ. ಕೇಬಲ್ ಕಿತ್ತರೂ ತಂತ್ರಾಂಶ ಸೋಲೊಪ್ಪುವವರೆಗೆ ಅದೇ ಲಯದಲ್ಲಿ ತಿರುಗುತ್ತಿರುತ್ತದೆ.

ಎರಡು ದೀಪಗಳು ಇದ್ದಿದ್ದರೆ ಆ ದಿನ ಏನು ಓದಬಹುದಿತ್ತು? ಗುಂಡಿ ಒತ್ತಿದ ಮೇಲೆ ಎರಡೂ ಹತ್ತದಿದ್ದರೆ ಕೋರಿಕೆ ನಮ್ಮ ಯಂತ್ರವನ್ನೇ ದಾಟಿಲ್ಲ, ಕೆಟ್ಟದ್ದು ನಮ್ಮದು. 'ಹೋದದ್ದು' ಹತ್ತಿ 'ಬಂದದ್ದು' ಕತ್ತಲಾಗಿದ್ದರೆ ದಾರಿ ಕಡಿದಿರಬಹುದು ಅಥವಾ ಆ ಕಡೆಯವರು ಸತ್ತಿರಬಹುದು. ಬೇರೊಂದು ತಾಣ ತೆರೆದು ನೋಡಿದರೆ ಅರ್ಧ ನಿಮಿಷದಲ್ಲಿ ತೀರ್ಮಾನ. 'ಬಂದದ್ದು' ಒಮ್ಮೆ ಮಿಣುಕಿ ಆಮೇಲೆ ಸುಮ್ಮನಾದರೆ ಬಾಗಿಲು ತೆರೆದವರು ಮಾತಾಡುತ್ತಿಲ್ಲ ಎಂದರ್ಥ. ಸರ್ವರಿಗೆ ಕೆಲಸ ಮೈಮೇಲೆ ಬಿದ್ದಾಗ ಕಾಣುವ ಚಹರೆ ಇದು. 'ಬಂದದ್ದು' ಎಡೆಬಿಡದೆ ಹತ್ತುತ್ತಿದ್ದರೆ ಕಾಯಿರಿ, ಬರುತ್ತಿದೆ. ಈ ನಾಲ್ಕು ಸ್ಥಿತಿಗಳಿಗೂ ಇಂದಿನ ಪರದೆ ತೋರಿಸುವುದು ಒಂದೇ ಚಕ್ರ.

ಇನ್ನೊಂದು ಸೂಕ್ಷ್ಮವಿದೆ, ಅದನ್ನು ಕಂಡವರು ಕಡಿಮೆ. ಉತ್ತರ ಬಾರದಾಗ ಕಂಪ್ಯೂಟರ್ ಸುಮ್ಮನೆ ಕೂರುವುದಿಲ್ಲ. ದತ್ತಾಂಶ ಸಾಗಣೆಯ ಟಿಸಿಪಿ ನಿಯಮದ ಪ್ರಕಾರ ಮತ್ತೆ ಬಾಗಿಲು ತಟ್ಟುತ್ತದೆ, ಪ್ರತಿ ಸಲವೂ ಕಾಯುವ ಸಮಯವನ್ನು ದುಪ್ಪಟ್ಟು ಮಾಡಿಕೊಳ್ಳುತ್ತದೆ: ಒಂದು ಸೆಕೆಂಡ್ ಬಿಟ್ಟು, ಎರಡು ಬಿಟ್ಟು, ನಾಲ್ಕು ಬಿಟ್ಟು, ಎಂಟು ಬಿಟ್ಟು. ಬೇರೆ ಸಂಚಾರವಿಲ್ಲದಾಗ 'ಹೋದದ್ದು' ದೀಪವನ್ನೇ ನೋಡುತ್ತಿದ್ದರೆ ಆ ಲಯ ಕಾಣುತ್ತದೆ. ಮನೆಯಲ್ಲಿ ಯಾರೂ ಇಲ್ಲವೇನೋ ಎಂದು ಅನುಮಾನಿಸುತ್ತ, ತಡೆತಡೆದು ಬಾಗಿಲು ಬಡಿಯುವ ಅತಿಥಿಯ ಲಯ. ಯಂತ್ರದ ಒಳಗಿನ ತಾಳ್ಮೆಯನ್ನು ಇಷ್ಟು ಪ್ರಾಮಾಣಿಕವಾಗಿ ಹೊರಗೆ ತೋರಿಸಿದ ಬೇರೆ ಚಿಹ್ನೆಯನ್ನು ನಾನು ನೋಡಿಲ್ಲ.

ಈಗ ಮೂರನೆಯ ತಪ್ಪು: ಇದೆಲ್ಲ ಸಾಮಾನ್ಯರಿಗೆ ಅರ್ಥವಾಗದು ಎಂಬ ನಂಬಿಕೆ. ಇದನ್ನು ನಂಬುವವರು ಒಮ್ಮೆ ನಮ್ಮ ಹೊಲಗಳಿಗೆ ಬರಬೇಕು. ಹುಕ್ಕೇರಿ ತಾಲ್ಲೂಕಿಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಇಂಥದ್ದು ಇದೊಂದೇ. ಇಲ್ಲಿನ ಬಾವಿ, ಬೋರುಗಳ ಮೇಲಿರುವ ಸ್ಟಾರ್ಟರ್ ಬೋರ್ಡನ್ನು ನೋಡಿ. ಕೆಂಪು, ಹಳದಿ, ನೀಲಿ, ಮೂರು ಪುಟ್ಟ ದೀಪಗಳು. ಮೂರೂ ಹತ್ತಿದರೆ ತ್ರೀ ಫೇಸ್ ಬಂದಿದೆ. ಒಂದು ಆರಿದ್ದರೆ ಒಂದು ಫೇಸ್ ಹೋಗಿದೆ. ಆಗ ಮೋಟಾರ್ ಹಚ್ಚಿದರೆ ವೈಂಡಿಂಗ್ ಸುಡಬಹುದು. ಶಾಲೆಯ ಮೆಟ್ಟಿಲು ಹತ್ತದ ರೈತನೂ ಬದುವಿನ ಮೇಲೆ ನಿಂತು, ದೂರದಿಂದಲೇ ಆ ಮೂರು ದೀಪಗಳನ್ನು ಓದುತ್ತಾನೆ. ಕೆಟ್ಟದ್ದು ಮೋಟಾರೋ, ಫ್ಯೂಸೋ, ಟ್ರಾನ್ಸ್‌ಫಾರ್ಮರೋ ಎಂದು ಲೈನ್‌ಮನ್ ಬರುವ ಮೊದಲೇ ಅರ್ಧ ಅಂದಾಜು ಮಾಡಿರುತ್ತಾನೆ.

ಅಜ್ಜ ಕೇಳಿದ್ದು ಆ ಓದಿನಿಂದ ಬಂದ ಪ್ರಶ್ನೆ. ನೀರು ನಿಂತಾಗ ಅವರು ಮೊದಲು ಕೇಳಿಕೊಳ್ಳುವುದು ಅದನ್ನೇ: ಕೆಟ್ಟದ್ದು ನಮ್ಮದೋ, ಅವರದೋ? ಕಂಪ್ಯೂಟರಿನ ಮುಂದೆ ಅವರ ಬಾಯಿ ಕಟ್ಟಿದ್ದು ಅವರ ಅಜ್ಞಾನವಲ್ಲ, ಓದಲು ದೀಪವೇ ಇರಲಿಲ್ಲ. ಫೈಬರ್ ಬಂದ ಮೇಲೆ ಊರಿನ ಮನೆಮನೆಯಲ್ಲೂ ಇದೇ ಓದು ಶುರುವಾಗಿದೆ. ನೆಟ್ ಹೋಯಿತೆಂದು ಆಪರೇಟರಿಗೆ ಫೋನ್ ಮಾಡಿದರೆ ಅವನ ಮೊದಲ ಮಾತು, "ಡಬ್ಬಿ ಮ್ಯಾಲ ಕೆಂಪು ಲೈಟ್ ಹತ್ತೈತೇನ್ರಿ?" ಎಲ್‌ಒಎಸ್ ಎಂದು ಆ ಲೈಟಿನ ಪಕ್ಕ ಬರೆದ ಅಕ್ಷರಗಳ ವಿಸ್ತಾರ ಯಾರಿಗೂ ಬೇಕಿಲ್ಲ. ಕೆಂಪು ಹತ್ತಿದರೆ ಬೆಳಕಿನ ಸಿಗ್ನಲ್ಲೇ ಮನೆ ಮುಟ್ಟುತ್ತಿಲ್ಲ, ಎಲ್ಲೋ ಜೆಸಿಬಿ ಫೈಬರ್ ಕಡಿದಿರಬೇಕು, ಎನ್ನುವಷ್ಟು ಹೆಣ್ಣುಮಕ್ಕಳು, ಹುಡುಗರು, ಎಲ್ಲರಿಗೂ ಗೊತ್ತು. ಗೋಡೆಯ ಮೇಲಿನ ಡಬ್ಬಿಯಲ್ಲಿ ಈ ಜನ ದೀಪ ಓದಬಲ್ಲರು, ಪರದೆಯ ಮೇಲೆ ಓದಲಾರರು ಎಂದರೆ ಏನು ಅರ್ಥ?

ಎದುರು ವಾದಗಳಲ್ಲಿ ಒಂದು ಮಾತ್ರ ನನ್ನನ್ನು ನಿಜಕ್ಕೂ ಕಾಡಿದೆ: ಮಿಣುಕು ಸುಳ್ಳು ಹೇಳುತ್ತದೆ. ಹೌದು, ಹೇಳುತ್ತದೆ. ನೀವು ಏನೂ ಮಾಡದೆ ಕೂತಾಗಲೂ ವಿಂಡೋಸ್ ಅಪ್‌ಡೇಟ್ ಇಳಿಯುತ್ತಿರುತ್ತದೆ, ಆಂಟಿವೈರಸ್ ತನ್ನ ಪಟ್ಟಿ ತರಿಸಿಕೊಳ್ಳುತ್ತಿರುತ್ತದೆ, ಒಂದೇ ಸ್ವಿಚ್ಚಿಗೆ ಜೋಡಿಸಿದ ಯಂತ್ರಗಳು ಪರಸ್ಪರ ವಿಳಾಸ ಕೇಳಿ ಕೂಗಾಡುತ್ತಿರುತ್ತವೆ. ದೀಪಕ್ಕೆ ಇವೆಲ್ಲವೂ ಒಂದೇ. ಎಕ್ಸ್‌ಪಿಯ ಕಾಲದಲ್ಲಿ ಸುಮ್ಮನಿದ್ದ ಯಂತ್ರ ಬಹುಮಟ್ಟಿಗೆ ಸುಮ್ಮನಿರುತ್ತಿತ್ತು; ಇಂದಿನದು ಸುಮ್ಮನಿರುವುದಿಲ್ಲ. ಹಾಗಾಗಿ ಹಳೆಯ ಮಿಣುಕನ್ನು ಇದ್ದ ಹಾಗೆಯೇ ಮರಳಿ ತಂದರೆ ಸಾಲದು ಎಂದು ಒಪ್ಪುತ್ತೇನೆ. ಇಷ್ಟು ಬೈಟಿಗಿಂತ ಕಡಿಮೆ ಸಂಚಾರಕ್ಕೆ ಹತ್ತಬೇಡ ಎಂದು ಹೇಳುವ ಮಿತಿಯೊಂದು ಬೇಕು. ಆದರೆ ಈ ದೋಷದಿಂದ ಹೊರಡುವ ನಿರ್ಣಯವನ್ನೂ ನೋಡಿ. ನಾನು ಏನನ್ನೂ ಕಳಿಸದಿದ್ದಾಗ 'ಹೋದದ್ದು' ದೀಪ ಎಡೆಬಿಡದೆ ಉರಿದರೆ, ನನ್ನ ಯಂತ್ರದಿಂದ ಏನೋ ಹೊರಗೆ ಹೋಗುತ್ತಿದೆ. ಅದು ಫೋಟೋಗಳ ಬ್ಯಾಕಪ್ ಇರಬಹುದು, ಕಳ್ಳ ತಂತ್ರಾಂಶವೂ ಇರಬಹುದು. ಮನೆಯೊಡೆಯನಿಗೆ ತಿಳಿಯಬೇಕಾದ ಸಂಗತಿ ಇದು. ಸಂಚಾರ ಜಾಸ್ತಿಯಾಯಿತು ಎಂಬುದು ದೀಪ ತೆಗೆಯಲು ಕಾರಣವಾಗುವುದಿಲ್ಲ, ಇಡಲು ಕಾರಣವಾಗುತ್ತದೆ.

ಭದ್ರತೆಯ ಹೆಸರಿನ ವಾದವೂ ಒಂದಿದೆ. 2002ರಲ್ಲಿ ಲಾಫ್ರಿ ಮತ್ತು ಅಂಫ್ರೆಸ್ ಎಂಬ ಸಂಶೋಧಕರು, ಕೆಲವು ಮೋಡೆಮ್ ಮತ್ತಿತರ ಸಾಧನಗಳ ಎಲ್‌ಇಡಿಗಳು ದತ್ತಾಂಶದ ಜೊತೆ ಎಷ್ಟು ನಿಖರವಾಗಿ ಮಿಣುಕುತ್ತವೆಂದರೆ ದೂರದಿಂದ ಆ ಬೆಳಕನ್ನು ಹಿಡಿದು ದತ್ತಾಂಶವನ್ನೇ ಓದಬಹುದು ಎಂದು ತೋರಿಸಿದರು. ಸೊಗಸಾದ ಸಂಶೋಧನೆ. ಪರಿಹಾರವೂ ಸರಳ: ಮಿಣುಕನ್ನು ನಿಧಾನಗೊಳಿಸಿದರೆ ಕಣ್ಣಿಗೆ ಸಾಕಾಗುತ್ತದೆ, ಕಳ್ಳನಿಗೆ ಸಾಲುವುದಿಲ್ಲ. ಪರದೆಯ ಮೂಲೆಯ ಐಕಾನು ಸೆಕೆಂಡಿಗೆ ಕೆಲವೇ ಬಾರಿ ಬದಲಾಗುತ್ತದೆ. ಅದರಿಂದ ಯಾರೂ ಏನನ್ನೂ ಕದಿಯಲಾರರು.

ಹಾಗಾದರೆ ಇಂದು ಸರಳವಾದ ಇಂಡಿಕೇಟರ್ ಬೇಕೆಂದವನು ಏನು ಮಾಡಬೇಕು? ಹುಡುಕಿದರೆ ಸಿಗುವ ರಾಶಿಯಲ್ಲಿ ಹೆಚ್ಚಿನವು ನನಗೆ ಸೇರಲಿಲ್ಲ. ಅವುಗಳ ಸಮಾನ ದೋಷ ಅಂಕಿಯ ಮೋಹ. ಸೆಕೆಂಡಿಗೆ ಇಷ್ಟು ಕಿಲೋಬೈಟ್ ಎಂದು ಕ್ಷಣಕ್ಷಣಕ್ಕೂ ಬದಲಾಗುವ ಸಂಖ್ಯೆಯನ್ನು ಟಾಸ್ಕ್‌ಬಾರಿನಲ್ಲಿ ಬರೆಯುತ್ತವೆ. ಅನೇಕ ಆಂಡ್ರಾಯ್ಡ್ ಫೋನುಗಳ ಮೇಲಿನ ಪಟ್ಟಿಯಲ್ಲೂ ಅದೇ. ಸಂಖ್ಯೆಯನ್ನು ದಿಟ್ಟಿಸಿ ಓದಬೇಕು, ದೀಪವನ್ನು ದಿಟ್ಟಿಸಬೇಕಿಲ್ಲ. ಅದು ಕಣ್ಣಂಚಿನಲ್ಲೇ ತಿಳಿಯುತ್ತದೆ. ಅಂಕಿ ವೇಗವನ್ನು ಹೇಳುತ್ತದೆ, ನಮಗೆ ಬೇಕಾದದ್ದು ಉಸಿರಾಡುತ್ತಿದೆಯೋ ಇಲ್ಲವೋ ಎಂಬುದು. ಟಾಸ್ಕ್ ಮ್ಯಾನೇಜರಿನ ನಕ್ಷೆಯೂ ಈ ಕೆಲಸಕ್ಕೆ ಬಾರದು. ಎಕ್ಸ್‌ಪಿಯಲ್ಲಿ ಅದು ನೆಟ್‌ವರ್ಕ್ ಕಾರ್ಡಿನ ಸಾಮರ್ಥ್ಯದ ಶೇಕಡಾವಾರು ಲೆಕ್ಕ ಕೊಡುತ್ತಿತ್ತು. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬಂದಾಗ ವೇಗ 256 ಕೆಬಿಪಿಎಸ್. 100 ಎಂಬಿಪಿಎಸ್ ಕಾರ್ಡಿನ ಮೇಲೆ ಆ ಲೈನು ಪೂರ್ತಿ ತುಂಬಿ ಹರಿದರೂ ಲೆಕ್ಕ ಶೇ. 0.25ರ ಆಸುಪಾಸು. ತುಂಬಿದ ಕಾಲುವೆಯನ್ನು ಬತ್ತಿದ್ದು ಎಂದು ತೋರಿಸುವ ಮಾಪಕ! ಇಂದಿನ ನಕ್ಷೆ ಇನ್ನೊಂದು ತುದಿಗೆ ಹೋಗಿದೆ. ಸಂಚಾರಕ್ಕೆ ತಕ್ಕಂತೆ ತನ್ನ ಅಳತೆಯನ್ನೇ ಬದಲಿಸಿಕೊಂಡು, ತೊಟ್ಟಿಕ್ಕುವ ಹನಿಯನ್ನೂ ಬೆಟ್ಟದಂತೆ ಬಿಡಿಸುತ್ತದೆ.

ನನಗೆ ಒಪ್ಪಿಗೆಯಾದದ್ದು ಎರಡೇ ದಾರಿ. ಒಂದು, ಎಕ್ಸ್‌ಪಿಯ ಆ ಜೋಡಿ ಮಾನಿಟರುಗಳನ್ನು ಟ್ರೇಗೆ ಮರಳಿ ತರುವ ಉಚಿತ ಪುಟ್ಟ ತಂತ್ರಾಂಶ. ಐಟಿಸ್ಯಾಂಪಲ್ಸ್‌ನವರ ನೆಟ್‌ವರ್ಕ್ ಆ್ಯಕ್ಟಿವಿಟಿ ಇಂಡಿಕೇಟರ್ ಅಂಥದ್ದು. ಲಿನಕ್ಸಿನ ಹಳೆಯ ಕೆಡಿಇಯಲ್ಲಿ ಇದೇ ಕೆಲಸಕ್ಕೆ ಕೆನೆಮೊ ಇತ್ತು. ಇನ್ನೊಂದು ದಾರಿಗೆ ತಂತ್ರಾಂಶವೇ ಬೇಡ. ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯ ಪಕ್ಕ ಸಾಮಾನ್ಯವಾಗಿ ಎರಡು ಎಲ್‌ಇಡಿ ಇರುತ್ತವೆ: ಒಂದು ಸಂಪರ್ಕಕ್ಕೆ, ಒಂದು ಸಂಚಾರಕ್ಕೆ. ಸಂಚಾರದ ದೀಪ ಹೋದದ್ದನ್ನೂ ಬಂದದ್ದನ್ನೂ ಬೇರ್ಪಡಿಸುವುದಿಲ್ಲ, ನಿಜ. ಆದರೂ ಚಕ್ರಕ್ಕಿಂತ ನೂರು ಪಾಲು ಸತ್ಯವಂತ. ಮೇಜಿನ ಕೆಳಗೆ, ಗೋಡೆಗೆ ಮುಖ ಮಾಡಿ, ಧೂಳು ತಿನ್ನುತ್ತ ಅದು ಈಗಲೂ ಮಿಣುಕುತ್ತಲೇ ಇದೆ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಜಗಳವೇಕೆ ಎಂದು ಕೇಳಬಹುದು. ನಮ್ಮ ಕಡೆ ಉತಾರ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆವಿಮೆ, ರೇಷನ್ ಕಾರ್ಡು, ಎಲ್ಲವೂ ಪರದೆಯ ಮೂಲಕವೇ ಬರಬೇಕು. 2023ರ ಜುಲೈನಲ್ಲಿ ಗೃಹಲಕ್ಷ್ಮಿಯ ನೋಂದಣಿ ಶುರುವಾದಾಗ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಹೆಣ್ಣುಮಕ್ಕಳ ಸಾಲು ನಿಂತಿತು. 'ಸರ್ವರ್ ಸಮಸ್ಯೆ' ಪತ್ರಿಕೆಗಳ ತಲೆಬರಹವಾಯಿತು. ಎಷ್ಟೋ ಸಲ ಸರ್ವರ್ ನಿಜಕ್ಕೂ ಕುಸಿದಿತ್ತು. ಆದರೆ ಆ ಮೂರಕ್ಷರದ ಪದ ಈಗ ಎಲ್ಲಕ್ಕೂ ನೆಪವಾಗಿದೆ. ಕೇಬಲ್ ಸಡಿಲವಾದರೂ ಸರ್ವರ್ ಡೌನ್, ರೂಟರ್ ಬಿಸಿಯಾಗಿ ನಿಂತರೂ ಸರ್ವರ್ ಡೌನ್, ಹುಡುಗನಿಗೆ ಊಟದ ಹೊತ್ತಾದರೂ ಸರ್ವರ್ ಡೌನ್. ಕೌಂಟರಿನ ಆಚೆ ಕೂತವನ ಮಾತನ್ನು ಈಚೆ ಕೂತವರು ಪರೀಕ್ಷಿಸುವ ದಾರಿಯೇ ಇಲ್ಲ. ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಅವನೂ ಅದೇ ಚಕ್ರವನ್ನು ನೋಡಿ ಊಹಿಸುತ್ತಿದ್ದಾನೆ. ಕೆಟ್ಟದ್ದು ತನ್ನದಲ್ಲ ಎಂದು ತೋರಿಸಲು ಅವನಿಗೂ ಸಾಕ್ಷಿ ಬೇಕು. ವಿನ್ಯಾಸಕಾರರು ಚೊಕ್ಕಟ ಮಾಡುತ್ತೇವೆಂದು ಗುಡಿಸಿದ್ದು ಆ ಸಾಕ್ಷಿಯನ್ನು.

ಅಜ್ಜ ಮರುದಿನ ಮತ್ತೆ ಬಸ್ಸು ಹತ್ತಬೇಕಾಯಿತು. ಸೆಂಟರ್ ನಡೆಸುವವರಲ್ಲಿ ನನ್ನ ಕೋರಿಕೆ ಸಣ್ಣದು: ಆ ಉಚಿತ ಇಂಡಿಕೇಟರ್ ಹಾಕಿ, ಪರದೆಯನ್ನು ಗಿರಾಕಿಗೂ ಕಾಣುವಂತೆ ಒಂದು ಗೇಣು ತಿರುಗಿಸಿ. ಓದುಗರಲ್ಲಿಯೂ ಒಂದು ಮಾತು. ಮುಂದಿನ ಸಲ ಯಾರಾದರೂ ಸರ್ವರ್ ಡೌನ್ ಎಂದರೆ ಕೂಡಲೇ ಎದ್ದು ಬರಬೇಡಿ. ಯಾವ ದೀಪ ಹತ್ತಿದೆ, ಯಾವುದು ಆರಿದೆ ಎಂದು ಕೇಳಿ.